ಅವಳ ಬ್ಯಾಂಡು, ನನ್ನ ಹಾಡು, ಮಾವನ ಸ್ಯಾಕ್ಸೋಫೋನು

ನಮ್ಮ ಪಿಜಿಯಲ್ಲಿ ಯಾರಿಗೂ ಸ್ವಂತ ಹೆಸರು ಇರಲಿಲ್ಲ. ಊರಿನ ಹೆಸರೇ ಹೆಸರು. ಕುಂಬಳೆಯಿಂದ ಬಂದವಳು ‘ಕುಂಬಳೆ’, ಮೂಡುಬಿದಿರೆಯವಳು ‘ಮೂಡುಬಿದಿರೆ’, ನಾನು ‘ಬಿ.ಸಿ. ರೋಡ್’. ಬಸ್ ಕಂಡಕ್ಟರ್ ಕೂಗಿದ ಹಾಗೆ ಕೇಳುತ್ತದೆ, ಗೊತ್ತು. ಆದರೆ ಬಿಜೈಯ ಆ ಮೂರು ಮಂಚದ ಕೋಣೆ ಬಿಟ್ಟು ಎಷ್ಟೋ ವರ್ಷ ಆದ ಮೇಲೂ ನಮ್ಮ ಫೋನುಗಳಲ್ಲಿ ನಾವು ಸೇವ್ ಆಗಿರುವುದು ಹಾಗೆಯೇ.

ಕುಂಬಳೆಗೆ ಒಂದು ಬ್ಯಾಂಡಿನ ಹುಚ್ಚು. ತೈಕ್ಕುಡಂ ಬ್ರಿಡ್ಜ್. ಹೆಸರು ಕೇಳಿದ ಮೊದಲ ದಿನ ನಾನು, “ಎಂತ ಇದು, ಯಾವುದಾದ್ರೂ ಸಂಕದ ಹೆಸರಾ?” ಅಂತ ಕೇಳಿ ಬೈಸಿಕೊಂಡಿದ್ದೆ. ಕೊಚ್ಚಿಯಲ್ಲಿ ತೈಕ್ಕುಡಂ ಎಂಬ ಜಾಗ ಉಂಟು, ಅಲ್ಲಿಂದ ಆ ಹೆಸರು. 2013ರಲ್ಲಿ ಕಪ್ಪ ಟಿವಿ ಎಂಬ ಮಲಯಾಳಂ ವಾಹಿನಿಯ ‘ಮ್ಯೂಸಿಕ್ ಮೋಜೋ’ ಕಾರ್ಯಕ್ರಮದಲ್ಲಿ ಹಾಡಿದ ಈ ತಂಡ ರಾತ್ರಿ ಬೆಳಗಾಗುವುದರೊಳಗೆ ಕೇರಳದ ಹುಡುಗರ ಫೋನುಗಳಲ್ಲೆಲ್ಲ ತುಂಬಿಕೊಂಡಿತು. ವೇದಿಕೆ ತುಂಬ ಜನ. ಪಿಟೀಲು ಹಿಡಿದ ಗೋವಿಂದ್ ವಸಂತ, ಅವರ ಜೊತೆ ಹಾಡುವ ಅವರದೇ ಅಪ್ಪ ಪೀತಾಂಬರನ್ ಮೆನನ್, ಇನ್ನೊಂದು ಕಡೆ ಗಂಟಲು ಹರಿಯುವ ಹಾಗೆ ಗುಡುಗುವ ವಿಯಾನ್ ಫರ್ನಾಂಡಿಸ್. ಅಪ್ಪ ಮಗ ಒಂದೇ ರಾಕ್ ಬ್ಯಾಂಡಿನಲ್ಲಿ ಇರಬಹುದು ಎಂಬುದೇ ನಮಗೆ ಆಗ ಹೊಸ ಸುದ್ದಿ.

ನನಗೂ ಆ ಬ್ಯಾಂಡ್ ಇಷ್ಟವಾಯಿತು. ಆದರೆ ಅರ್ಧ ಮಾತ್ರ. ಜಗಳ ಶುರುವಾದದ್ದು ಅಲ್ಲಿಂದ.

ನನಗೆ ಬೇಕಾದದ್ದು ಅವರ ‘ನಾಸ್ಟಾಲ್ಜಿಯಾ’. ಹಳೆಯ ಚಿತ್ರಗೀತೆಗಳನ್ನು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಹಾಗೆ ಹಾಡಿದ ಸರಮಾಲೆ ಅದು. ಭಾಷೆ ಪೂರ್ತಿ ಗೊತ್ತಿಲ್ಲದಿದ್ದರೂ ಎರಡನೇ ಸಲಕ್ಕೆ ಗುನುಗಬಹುದು, ಮೂರನೇ ಸಲಕ್ಕೆ ಪಾತ್ರೆ ತೊಳೆಯುತ್ತಾ ಹಾಡಬಹುದು. ಕುಂಬಳೆಗೆ ಬೇಕಾದದ್ದು ಬೇರೆ. ಮೀನಿನ ಮೇಲೆ ರಾಕ್ ಸಂಗೀತ ಸುರಿದ ‘ಫಿಶ್ ರಾಕ್’. ಅದಕ್ಕಿಂತ ಹೆಚ್ಚಾಗಿ 2015ರಲ್ಲಿ ಬಂದ ‘ನವರಸಂ’. ಅದರ ವಿಡಿಯೋದಲ್ಲಿ ಕಥಕ್ಕಳಿ ಉಂಟು, ಹಾಡಿನಲ್ಲಿ ಶಾಸ್ತ್ರೀಯ ರಾಗದ ಆಲಾಪನೆ ಉಂಟು, ಅದರ ಬೆನ್ನ ಮೇಲೆಯೇ ಗೋಡೆ ಅಲುಗಾಡಿಸುವ ಗಿಟಾರ್ ಮತ್ತು ಡ್ರಮ್ಸ್.

ಅವಳು ಅದನ್ನು ಮೊದಲ ಸಲ ಸ್ಪೀಕರಿನಲ್ಲಿ ಹಾಕಿದ ದಿನ ನನಗೆ ಇನ್ನೂ ನೆನಪಿದೆ. ಮಳೆಗಾಲ, ಕರೆಂಟ್ ಹೋಗಿತ್ತು, ಒಣಗದ ಬಟ್ಟೆಯ ವಾಸನೆ. ನಾನು ಒಂದು ನಿಮಿಷ ಕೇಳಿ, “ಸಾಕು ಮಾರಾಯ್ತಿ, ಈ ಗಲಾಟೆ ನಿಲ್ಲಿಸು. ಒಳ್ಳೆ ರಾಗ ತೆಗೊಂಡು ಅದರ ಮಂಡೆಗೆ ಯಾಕೆ ಹೊಡಿತಾರೆ?” ಅಂದೆ.

“ನಿಂಗೆ ಬಾಳೆಹಣ್ಣು ಸುಲಿದು ಬಾಯಿಗೆ ಇಟ್ಟ ಹಾಗಿನ ಹಾಡೇ ಆಗ್ಬೇಕು” ಅಂದಳು ಅವಳು.

“ಮತ್ತೆ? ಹಲಸಿನ ಹಣ್ಣನ್ನು ಸಿಪ್ಪೆ ಸಮೇತ ತಿನ್ನುದಾ?”

ಮೂಡುಬಿದಿರೆ ಮಾತ್ರ ಇಬ್ಬರಿಗೂ ಸೇರದೆ ಕಿವಿಗೆ ಹತ್ತಿ ಇಟ್ಟುಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಈಗ ನಮ್ಮ ಮೂವರಲ್ಲಿ ಹೆಚ್ಚು ಸಂಬಳ ಅವಳಿಗೇ.

ಈ ವಾದ ನಮ್ಮದೊಂದೇ ಅಲ್ಲ, ನಮ್ಮಿಂದ ಶುರುವಾದದ್ದೂ ಅಲ್ಲ. ಬೀಟಲ್ಸ್ ತಂಡ ಮೊದಲು ಹುಡುಗಿಯರು ಕಿರುಚುವಂತಹ ಸಲೀಸು ಪ್ರೇಮಗೀತೆ ಹಾಡಿ, 1966ರ ‘ರಿವಾಲ್ವರ್’ ಆಲ್ಬಂ ಹೊತ್ತಿಗೆ ಸಿತಾರ್, ತಬಲಾ, ಹಿಂದುಮುಂದಾಗಿ ಓಡಿಸಿದ ಟೇಪು ಎಲ್ಲ ಸೇರಿಸಿದಾಗಿನಿಂದ ಕೇಳುಗರಲ್ಲಿ ಎರಡು ಪಕ್ಷ ಇದ್ದೇ ಇದೆ. ನಮ್ಮಲ್ಲೂ ಹಾಗೆಯೇ. 2008ರಲ್ಲಿ ರಘು ದೀಕ್ಷಿತ್ ತಮ್ಮ ತಂಡದ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ಗಿಟಾರಿಗೆ ಹೊಂದಿಸಿದರು. ಅದೇ ವರ್ಷ ಬಂದ ‘ಸೈಕೋ’ ಚಿತ್ರದಲ್ಲಿ ಅವರದೇ ‘ಮಹದೇಶ್ವರ’ ಹಾಡು ಬಸ್ಸು, ರಿಕ್ಷಾ, ಮದುವೆ ಹಾಲ್ ಎಲ್ಲ ಕಡೆ ಮೊಳಗಿತು. ಒಬ್ಬರೇ ಮನುಷ್ಯ. ಅರ್ಧ ಜನ “ಇದು ನಿಜವಾದ ಸಂಗೀತ” ಅಂದರು, ಅರ್ಧ ಜನ “ಅದು ನಿಜವಾದ ಹಾಡು” ಅಂದರು. ಶರೀಫರ ಪದಗಳನ್ನು ಅಷ್ಟು ಹೊತ್ತಿಗೆ ಸಿ. ಅಶ್ವಥ್ ಅವರ ದನಿಯಲ್ಲಿ ಕೇಳಿ ಬೆಳೆದವರು, ಅಶ್ವಥ್ ಹಾಡಿದ್ದೇ ಮೂಲ ಎಂಬ ಹಾಗೆ ಗಿಟಾರಿನ ಮೇಲೆ ಮುನಿಸಿಕೊಂಡರು. 1889ರಲ್ಲಿ ತೀರಿಕೊಂಡ ಶರೀಫರಿಗೆ ಕ್ಯಾಸೆಟ್ಟೂ ಗೊತ್ತಿರಲಿಲ್ಲ, ಗಿಟಾರೂ ಗೊತ್ತಿರಲಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ.

ಇಷ್ಟೆಲ್ಲ ಬುದ್ಧಿ ಮಾತು ಈಗ ಹೇಳುತ್ತೇನೆ. ಆಗ ನನಗೆ ಗೊತ್ತಿದ್ದದ್ದು ಒಂದೇ: ಅವಳ ಬ್ಯಾಂಡು ಗಲಾಟೆ, ನನ್ನ ಹಾಡು ಇಂಪು.

ಪಿಜಿ ಬಿಟ್ಟೆವು. ನಾನು ಮಂಗಳೂರಿನಲ್ಲೇ ಒಂದು ಕಚೇರಿಯಲ್ಲಿ ಉಳಿದೆ. ಕುಂಬಳೆ ಮದುವೆಯಾಗದೆ, ಊರು ಬಿಡದೆ, ದಿನಾ ರೈಲಿನಲ್ಲಿ ಬಂದು ಹೋಗುವ ಕೆಲಸ ಹಿಡಿದಳು. ಬೆಳಗ್ಗೆ ಮಂಗಳೂರು ಸೆಂಟ್ರಲ್, ಸಂಜೆ ಮತ್ತೆ ನೇತ್ರಾವತಿ ಸೇತುವೆ ದಾಟಿ, ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ. ಕಿವಿಯಲ್ಲಿ ಯಾವಾಗಲೂ ಇಯರ್‌ಫೋನ್. 2018ರಲ್ಲಿ ತಮಿಳಿನ ‘96’ ಚಿತ್ರ ಬಂದಾಗ ನಾನೇ ಅವಳಿಗೆ ಫೋನ್ ಮಾಡಿದ್ದೆ: “ನಿನ್ನ ಗಲಾಟೆ ಗೋವಿಂದನೇ ಈ ಹಾಡುಗಳನ್ನು ಮಾಡಿದ್ದಾ? ಇಷ್ಟು ಮೆಲ್ಲಗೆ ಮಾಡ್ಲಿಕ್ಕೆ ಬರ್ತದೆ ಅಂತಾದ್ರೆ ಅಲ್ಲಿ ಯಾಕೆ ಹಾಗೆ ಕಿರುಚುದು?” ಅವಳು ನಕ್ಕು, “ಎರಡೂ ಒಂದೇ ಪಿಟೀಲು ಮಾರಾಯ್ತಿ” ಅಂದಿದ್ದಳು. ಮರುವರ್ಷ ಬ್ಯಾಂಡಿನ ‘ನಮಃ’ ಆಲ್ಬಂ ಬಂತು, ದೇಶ ವಿದೇಶಗಳ ಹೆಸರಾಂತ ವಾದಕರನ್ನು ಸೇರಿಸಿಕೊಂಡು. ಅವಳು ಒಂದೊಂದೇ ಹಾಡು ಕಳಿಸುತ್ತಿದ್ದಳು. ನಾನು ಕೇಳದೆಯೇ ಹೆಬ್ಬೆರಳಿನ ಚಿಹ್ನೆ ಒತ್ತುತ್ತಿದ್ದೆ.

ಆಮೇಲೆ ‘ಕಾಂತಾರ’ ಬಂತು.

2022ರ ಸೆಪ್ಟೆಂಬರ್ 30. ಆ ಸಿನಿಮಾ ನಮ್ಮ ಕಡೆಯವರಿಗೆ ಏನಾಗಿತ್ತು ಎಂದು ಬೇರೆ ಊರಿನವರಿಗೆ ವಿವರಿಸುವುದು ಕಷ್ಟ. ಮನೆಯ ದೈವದ ಕೋಣೆಯ ಬಾಗಿಲನ್ನು ಯಾರೋ ಪರದೆಯ ಮೇಲೆ ತೆರೆದ ಹಾಗೆ. ನಾನು ಮೂರು ಸಲ ನೋಡಿದೆ. ಒಮ್ಮೆ ಅಮ್ಮನ ಜೊತೆ, ಒಮ್ಮೆ ಆಫೀಸಿನವರ ಜೊತೆ, ಒಮ್ಮೆ ನಮ್ಮ ಪಿಜಿಯ ಮೂವರೇ. ಕೊನೆಯಲ್ಲಿ ‘ವರಾಹ ರೂಪಂ’ ಬಂದಾಗ ಮೂರು ಸಲವೂ ಮೈಯೆಲ್ಲ ಮುಳ್ಳು. ಅಜನೀಶ್ ಲೋಕನಾಥ್ ಅವರ ಸಂಗೀತ, ಸಾಯಿ ವಿಘ್ನೇಶ್ ಅವರ ದನಿ, ಸಾಹಿತ್ಯ ನಮ್ಮ ಮಂಗಳೂರಿನವರೇ ಆದ ಶಶಿರಾಜ್ ಕಾವೂರು ಅವರದ್ದು. ಕಾವೂರು ಎಂಬ ಹೆಸರು ಪರದೆಯ ಮೇಲೆ ಬಂದಾಗ ಹಿಂದಿನ ಸೀಟಿನಲ್ಲಿ ಯಾರೋ ಶಿಳ್ಳೆ ಹೊಡೆದರು.

ಹೊರಗೆ ಬಂದು ಪಾರ್ಕಿಂಗ್ ತನಕ ಮೂವರೂ ಮಾತಾಡಲಿಲ್ಲ. ಸ್ಕೂಟರ್ ಹತ್ತಿರ ನಿಂತು ಕುಂಬಳೆ ಮೆಲ್ಲಗೆ ಹೇಳಿದಳು: “ಬಿ.ಸಿ. ರೋಡ್, ಒಂದು ಮಾತು ಹೇಳ್ತೇನೆ, ಸಿಟ್ಟು ಮಾಡ್ಬೇಡ. ಈ ಹಾಡು ಕೇಳುವಾಗ ನಂಗೆ ನವರಸಂ ನೆನಪಾಯ್ತು. ತುಂಬ ನೆನಪಾಯ್ತು.”

“ಎಂತ ನವರಸಂ?”

“ಅದೇ. ಏಳು ವರ್ಷ ಹಿಂದೆ ನೀನು ಗಲಾಟೆ ಅಂದದ್ದು.”

ನಾನು ನಕ್ಕು ಬಿಟ್ಟೆ. ಆದರೆ ಅವಳು ನಗಲಿಲ್ಲ.

ಮುಂದೆ ಆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಕ್ಟೋಬರ್ ಕೊನೆಯಲ್ಲಿ ತೈಕ್ಕುಡಂ ಬ್ರಿಡ್ಜ್ ತಂಡದವರೇ ಬಹಿರಂಗವಾಗಿ ‘ನವರಸಂ’ಗೂ ‘ವರಾಹ ರೂಪಂ’ಗೂ ಇರುವ ಹೋಲಿಕೆ ಎತ್ತಿದರು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಅನುಮತಿ ಇಲ್ಲದೆ ಹಾಡು ಬಳಸಬಾರದು ಎಂದು ಕೋಯಿಕ್ಕೋಡಿನ ನ್ಯಾಯಾಲಯ ಆದೇಶ ಕೊಟ್ಟಿತು. ಒಂದೇ ರಾಗದ ನೆರಳಿನಿಂದ ಹಾಗೆ ಕೇಳಿಸುತ್ತದೆ, ನಮ್ಮದು ಸ್ವಂತ ಸೃಷ್ಟಿ ಎಂಬುದು ಚಿತ್ರತಂಡದ ಮಾತು. ರಾಗ ಎಲ್ಲರದ್ದು ನಿಜ, ಆದರೆ ರಾಗವನ್ನು ನಾವು ಕಟ್ಟಿದ ರೀತಿ ನಮ್ಮದು ಎಂಬುದು ಬ್ಯಾಂಡಿನ ಮಾತು.

ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇದು ಹಾಡಿನ ವಿಷಯವಾಗಿ ಎರಡು ದಿನ ಮಾತ್ರ ಉಳಿಯಿತು. ಮೂರನೇ ದಿನಕ್ಕೆ ಊರಿನ ವಿಷಯವಾಯಿತು. ಅಂದು ನವೆಂಬರ್ 1. ಕುಂಬಳೆ ಎಂದಿನ ಹಾಗೆ ಎಲ್ಲರಿಗಿಂತ ಮೊದಲು, ಬೆಳಗ್ಗೆ ಆರಕ್ಕೇ, ಕೆಂಪು ಹಳದಿ ಬಾವುಟದ ಜೊತೆ ರಾಜ್ಯೋತ್ಸವದ ಶುಭಾಶಯ ಕಳಿಸಿದ್ದಳು. ಅದರ ಕೆಳಗೆ ಯಾರೋ ಹಾಡಿನ ಸುದ್ದಿಯ ಲಿಂಕ್ ಹಾಕಿದರು. ನಾನು ಹಲ್ಲುಜ್ಜುತ್ತಾ, ಒಂದೇ ಕೈಯಲ್ಲಿ ಟೈಪ್ ಮಾಡಿದೆ: “ನಮ್ಮ ಸಿನಿಮಾ ಗೆದ್ದದ್ದು ನಿಮ್ಮ ಕೇರಳದವರಿಗೆ ತಡೀಲಿಕ್ಕೆ ಆಗುದಿಲ್ಲ.”

ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ.

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಪಿಜಿಯಲ್ಲಿ ನಾವು ಇದಕ್ಕಿಂತ ಹೆಚ್ಚು ಬೈದುಕೊಂಡಿದ್ದೇವೆ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ದಿನಾ ಬೆಳಗ್ಗೆ ರೈಲಿನ ಕಿಟಕಿಯಿಂದ ನೇತ್ರಾವತಿಯ ಫೋಟೋ ಕಳಿಸುತ್ತಿದ್ದವಳು ಸುಮ್ಮನಾದಳು. ಮೂಡುಬಿದಿರೆ ಒಂದು ಸಂಜೆ ಫೋನ್ ಮಾಡಿ, “ನಿಂಗೆ ಮಂಡೆ ಸಮ ಉಂಟಾ? ಅವಳಿಗೆ ಹಾಗೆ ಹೇಳುದಾ?” ಅಂದಳು. ನಾನು, “ಒಂದು ಬ್ಯಾಂಡಿಗೋಸ್ಕರ ಇಷ್ಟು ಸಿಟ್ಟಾ?” ಅಂದೆ. “ಬ್ಯಾಂಡಿಗೆ ಅಲ್ಲ” ಅಂತ ಹೇಳಿ ಅವಳು ಫೋನ್ ಇಟ್ಟಳು.

ಆ ಭಾನುವಾರ ನಾನು ಸಜಿಪದ ಮಾವನ ಮನೆಗೆ ಹೋದೆ. ಮಾವ ಸ್ಯಾಕ್ಸೋಫೋನ್ ನುಡಿಸುವವರು. ಮದುವೆ, ಗೃಹಪ್ರವೇಶ, ದೇವಸ್ಥಾನದ ಜಾತ್ರೆ, ಊರಿನ ನೇಮ, ಕರೆದಲ್ಲಿಗೆ ಹೋಗುತ್ತಾರೆ. ಅವರ ಜಗಲಿಯಲ್ಲಿ ಕದ್ರಿ ಗೋಪಾಲನಾಥರ ಫೋಟೋ ಉಂಟು, ದೇವರ ಪಟದ ಪಕ್ಕದಲ್ಲೇ. “ನಮ್ಮ ಸಜಿಪದ ಮಣ್ಣಿನವರು” ಎಂದು ಬಂದವರಿಗೆಲ್ಲ ಹೇಳುವುದು ಅವರ ಅಭ್ಯಾಸ.

ಇಬ್ಬರ ಹಾಡನ್ನೂ ಫೋನಿನಲ್ಲಿ ಹಾಕಿ ಮಾವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಮೊದಲು ‘ವರಾಹ ರೂಪಂ’, ಆಮೇಲೆ ‘ನವರಸಂ’. ಮಾವ ಕಣ್ಣು ಮುಚ್ಚಿ ಕುಳಿತರು. ಎಡಗೈಯ ಬೆರಳುಗಳು ಮಡಿಲಲ್ಲಿ ಇಲ್ಲದ ವಾದ್ಯದ ಕೀಲಿಗಳನ್ನು ಒತ್ತುತ್ತಿದ್ದವು. ಮುಗಿದ ಮೇಲೆ ಅತ್ತೆಗೆ ಚಾ ಹೇಳಿದರು, ವೀಳ್ಯದೆಲೆಗೆ ಸುಣ್ಣ ಹಚ್ಚಿದರು. ನಾನು ತೀರ್ಪಿಗೆ ಕಾಯುತ್ತಿದ್ದೆ.

“ಎರಡರಲ್ಲೂ ತೋಡಿಯ ಛಾಯೆ ಉಂಟು” ಅಂದರು ಮಾವ. “ಹೋಲಿಕೆ ಉಂಟಾ ಅಂತ ಕೇಳಿದ್ರೆ, ನನ್ನ ಕಿವಿಗೆ ಉಂಟು. ಕದ್ದದ್ದಾ ಅಂತ ಕೇಳಿದ್ರೆ ಅದು ನನ್ನ ಕೆಲಸ ಅಲ್ಲ, ಅದಕ್ಕೆ ಕೋರ್ಟ್ ಉಂಟು. ರಾಗ ಅಂದ್ರೆ ಜಾಗ ಇದ್ದ ಹಾಗೆ, ಮಗಾ. ಜಾಗ ಎಲ್ಲರದ್ದು. ಅದರಲ್ಲಿ ಕಟ್ಟಿದ ಮನೆ ಮಾತ್ರ ಕಟ್ಟಿದವನದ್ದು. ಒಂದೇ ಸಾಲಿನಲ್ಲಿ ಎರಡು ಹಂಚಿನ ಮನೆ ಇದ್ರೆ ಒಂದರ ಹಾಗೆ ಒಂದು ಕಾಣುವುದು ಸಹಜ. ಒಬ್ಬನ ಮನೆ ನೋಡಿ ಇನ್ನೊಬ್ಬ ಅಳತೆ ತೆಗೆದನಾ ಅಂತ ಹೇಳ್ಬೇಕಾದ್ರೆ ಒಳಗೆ ಹೋಗಿ ಗೋಡೆ ಮುಟ್ಟಿ ನೋಡ್ಬೇಕು.”

“ಆದ್ರೆ ಮಾವ, ಆ ನವರಸಂ ಗಲಾಟೆ ಅಲ್ವಾ?”

ಮಾವ ನನ್ನನ್ನೇ ನೋಡಿದರು. “ಇದು ಗಲಾಟೆ ಅಂತಾದ್ರೆ ಅದು ಹೇಗೆ ಭಕ್ತಿ ಆಗ್ತದೆ? ಎರಡರಲ್ಲೂ ಅದೇ ಗಿಟಾರು, ಅದೇ ಪೆಟ್ಟು.”

ನನ್ನಲ್ಲಿ ಉತ್ತರ ಇರಲಿಲ್ಲ. ಏಕೆಂದರೆ ಕುಂಬಳೆ ಪಾರ್ಕಿಂಗಿನಲ್ಲಿ ಕೇಳಿದ ಪ್ರಶ್ನೆಯೂ ಅದೇ.

ಮಾವ ಆಮೇಲೆ ಹೇಳಿದ ಕಥೆ ನನಗೆ ಮೊದಲೇ ಅರ್ಧಂಬರ್ಧ ಗೊತ್ತಿತ್ತು, ಆದರೆ ಅಂದು ಬೇರೆಯೇ ಆಗಿ ಕೇಳಿಸಿತು. 1949ರಲ್ಲಿ ಹುಟ್ಟಿದ ಗೋಪಾಲನಾಥರು ನಾಗಸ್ವರ ವಿದ್ವಾಂಸರ ಮಗ, ಅವರೂ ಮೊದಲು ಕಲಿತದ್ದು ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸ್ಸು ಅದಕ್ಕೆ ಹಾರಿತು. ಬೆಲ್ಜಿಯಂನ ಅಡಾಲ್ಫ್ ಸಾಕ್ಸ್ ಎಂಬವ 19ನೇ ಶತಮಾನದಲ್ಲಿ ತಯಾರಿಸಿದ ಹಿತ್ತಾಳೆಯ ವಾದ್ಯ ಅದು. ಒಂದೊಂದು ಸ್ವರಕ್ಕೆ ಒಂದೊಂದು ಕೀಲಿ. ನಮ್ಮ ಸಂಗೀತದಲ್ಲಿ ಸ್ವರ ಒಂದು ಕಡೆ ನಿಲ್ಲುವುದೇ ಇಲ್ಲ, ತೂಗುತ್ತದೆ, ಜಾರುತ್ತದೆ. ಕೀಲಿ ಒತ್ತುವ ವಾದ್ಯದಲ್ಲಿ ಗಮಕ ತರುವುದೆಂದರೆ ಮೆಟ್ಟಿಲ ಮೇಲೆ ಜಾರುಬಂಡಿ ಆಡಿದ ಹಾಗೆ. ಅದಕ್ಕೇ ಅವರು ವರ್ಷಗಟ್ಟಲೆ ಸಾಧನೆ ಮಾಡಿದರು. “ಇದು ಕಚೇರಿಯ ವಾದ್ಯವಾ, ಬ್ಯಾಂಡ್ ಸೆಟ್ಟಿನ ವಾದ್ಯವಾ ಅಂತ ನಮ್ಮ ಅಜ್ಜನೇ ಕೇಳಿದ್ರು” ಅಂದರು ಮಾವ.

1994ರಲ್ಲಿ ಅದೇ ಮನುಷ್ಯ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಅದೇ ವರ್ಷ ಎ.ಆರ್. ರೆಹಮಾನ್ ಅವರ ‘ಡ್ಯುಯೆಟ್’ ಎಂಬ ತಮಿಳು ಚಿತ್ರಕ್ಕೂ ನುಡಿಸಿದರು. ಒಂದು ಕಡೆ ಪಂಡಿತರು, ಇನ್ನೊಂದು ಕಡೆ ಕ್ಯಾಸೆಟ್ ಅಂಗಡಿಯ ಹುಡುಗರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ, ಮಾವ ಮೂರು ದಿನ ವಾದ್ಯದ ಪೆಟ್ಟಿಗೆ ತೆರೆಯಲಿಲ್ಲ.

“ಈಗ ನೋಡು” ಅಂದರು ಮಾವ. “ನಮ್ಮ ಜಿಲ್ಲೆಯಲ್ಲಿ ಸ್ಯಾಕ್ಸೋಫೋನ್ ಇಲ್ಲದೆ ಧಾರೆ ಆಗ್ತದಾ? ದೇವರ ಬಲಿ ಹೊರಡ್ತದಾ? ನೇಮಕ್ಕೆ ಕೂಡ ನಾವು ಬೇಕು. ವಾದ್ಯ ಎಲ್ಲಿದ್ದು ಅಂತ ದೈವ ಇಷ್ಟರವರೆಗೆ ಕೇಳಿಲ್ಲ.”

ಮಾವನ ಇನ್ನೊಂದು ಮಾತನ್ನೂ ಹೇಳಬೇಕು. ಮದುವೆ ಮನೆಯಲ್ಲಿ ಅವರು ಹತ್ತು ನಿಮಿಷ ರಾಗ ವಿಸ್ತಾರ ಮಾಡಿದರೆ ಜನ ಊಟದ ಸಾಲು ನೋಡುತ್ತಾರಂತೆ. ಒಂದು ಸಿನಿಮಾ ಹಾಡಿನ ನಾಲ್ಕು ಸ್ವರ ಹಾಕಿದರೆ ಕೂಡಲೇ ತಲೆಗಳು ತಿರುಗುತ್ತವಂತೆ. “ಮೊದಲೆಲ್ಲ ಬೇಜಾರಾಗ್ತಿತ್ತು. ಆಮೇಲೆ ಗೊತ್ತಾಯ್ತು. ಗೊತ್ತಿದ್ದ ಹಾಡು ಅಂದ್ರೆ ಮನೆಯ ಅಂಗಳ, ಅಲ್ಲಿ ಜನ ಸೇರ್ತಾರೆ. ಸೇರಿದ ಮೇಲೆ ಮೆಲ್ಲ ಒಳಗೆ ಕರ್ಕೊಂಡು ಹೋಗ್ಬೇಕು. ಬರೀ ಅಂಗಳದಲ್ಲೇ ನಿಲ್ಲಿಸಿದ್ರೆ ನಾನು ಸೋತೆ. ಬಾಗಿಲು ಹಾಕಿ ಒಳಗೇ ಕೂತ್ರೂ ಸೋತೆ.”

ಅಂದು ರಾತ್ರಿ ಮನೆಗೆ ಬಂದು, ಏಳು ವರ್ಷದಲ್ಲಿ ಮೊದಲ ಸಲ ‘ನವರಸಂ’ ಪೂರ್ತಿ ಕೇಳಿದೆ. ದೀಪ ಆರಿಸಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು. ಸುಳ್ಳು ಹೇಳುವುದಿಲ್ಲ, ಎಲ್ಲವೂ ಇಷ್ಟವಾಗಲಿಲ್ಲ. ಆದರೆ ಅದು ಗಲಾಟೆ ಆಗಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ‘ವರಾಹ ರೂಪಂ’ಗೆ ನನ್ನನ್ನು ಸಿದ್ಧ ಮಾಡಿದ್ದು ಎರಡು ಗಂಟೆಯ ಕಥೆ, ಚಿಕ್ಕಂದಿನಿಂದ ನೋಡಿದ ಗಗ್ಗರ, ಅಣಿ, ಪಂಜಿನ ಬೆಳಕು. ಆ ಗಿಟಾರಿನ ಪೆಟ್ಟು ನನ್ನ ಮನೆಯ ಅಂಗಳದಲ್ಲಿ ಬಿದ್ದದ್ದರಿಂದ ಅದು ನನಗೆ ದೈವದ ಹೆಜ್ಜೆ ಆಯಿತು. ಅದೇ ಪೆಟ್ಟು ಕಥಕ್ಕಳಿಯ ಅಂಗಳದಲ್ಲಿ ಬಿದ್ದಾಗ ಅದು ಪಕ್ಕದ ಮನೆಯ ಗದ್ದಲವಾಗಿತ್ತು. ಹಾಡಿನಲ್ಲಿ ಪ್ರಯೋಗ ಹೆಚ್ಚಾಯಿತಾ ಕಡಿಮೆಯಾಯಿತಾ ಎಂದು ನಾನು ಅಷ್ಟು ವರ್ಷ ವಾದ ಮಾಡಿದ್ದು ಸಂಗೀತದ ಬಗ್ಗೆ ಆಗಿರಲೇ ಇಲ್ಲ. ನನ್ನದಾ ಅಲ್ಲವಾ ಎಂಬುದರ ಬಗ್ಗೆ ಆಗಿತ್ತು.

ನವೆಂಬರ್ 24ರಂದು ಸಿನಿಮಾ ಒಟಿಟಿಗೆ ಬಂತು. ಅಮ್ಮ, ನಾನು ಸೋಫಾದಲ್ಲಿ ಕುಳಿತು ಕೊನೆಯ ದೃಶ್ಯಕ್ಕೆ ಕಾದೆವು. ಸಾಹಿತ್ಯ ಅದೇ, ಆದರೆ ಹಾಡಿನ ಧಾಟಿಯೇ ಬೇರೆ. ಅಮ್ಮ, “ಟಿವಿ ಹಾಳಾಯ್ತಾ?” ಅಂತ ಕೇಳಿದಳು. ಮೈಯಲ್ಲಿ ಒಂದು ಮುಳ್ಳೂ ಏಳಲಿಲ್ಲ. ನಮ್ಮ ಊರಿನವರೆಲ್ಲ ಸ್ಟೇಟಸ್ಸಿನಲ್ಲಿ ಸಿಟ್ಟು ಕಾರುತ್ತಿದ್ದರು. ಆ ಹೊತ್ತಿಗೆ ನನಗೆ ಮಾತಾಡಬೇಕು ಅನಿಸಿದ್ದು ಒಬ್ಬಳ ಹತ್ತಿರ ಮಾತ್ರ. ಅವಳ ಬ್ಯಾಂಡು ಗೆದ್ದ ದಿನ ಅದು. ಫೋನ್ ಎತ್ತಿಕೊಂಡೆ, ಇಟ್ಟೆ.

ಹತ್ತೂವರೆಗೆ ಅವಳದೇ ಮೆಸೇಜ್ ಬಂತು. ಇಪ್ಪತ್ತಮೂರು ದಿನಗಳ ಮೇಲೆ.

“ನೋಡಿದ್ಯಾ? ಹೊಸ ಟ್ಯೂನ್ ಸಮ ಇಲ್ಲ ಮಾರಾಯ್ತಿ. ಹಳೆಯದೇ ಒಳ್ಳೆದಿತ್ತು.”

ನಾನು ತುಂಬ ಹೊತ್ತು ಟೈಪ್ ಮಾಡಿ ಅಳಿಸಿ, ಕೊನೆಗೆ, “ನವರಸಂ ಪೂರ್ತಿ ಕೇಳಿದೆ” ಅಂತ ಮಾತ್ರ ಕಳಿಸಿದೆ.

ಶನಿವಾರ ಹಂಪನಕಟ್ಟೆಯ ಹತ್ತಿರ ಸಿಕ್ಕಿದೆವು. ಎರಡು ಗಡ್‌ಬಡ್ ತರಿಸಿದೆವು. ಉದ್ದದ ಗ್ಲಾಸಿನಲ್ಲಿ ಮೂರು ಬಗೆಯ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ. ಅವಳು ಚಮಚ ಆಡಿಸುತ್ತಾ ಕುಳಿತಳು. ನಾನು ಹಾಡಿನ ವಿಷಯ ತೆಗೆದೆ, ಮಾವನ ಜಾಗ ಮತ್ತು ಮನೆಯ ಮಾತು ಹೇಳಿದೆ. ಅವಳು ಕೇಳಿ, “ಬ್ಯಾಂಡಿನ ವಿಷಯ ಬಿಡು. ನಂಗೆ ಬೇಜಾರಾದದ್ದು ಅದಕ್ಕಲ್ಲ” ಅಂದಳು.

ನನಗೆ ಗೊತ್ತಿತ್ತು. ಆದರೂ ಅವಳ ಬಾಯಿಂದಲೇ ಕೇಳಬೇಕಿತ್ತು.

“ನನ್ನ ಅಜ್ಜ ಕನ್ನಡ ಶಾಲೆಯ ಮಾಷ್ಟ್ರು. 1956ರಲ್ಲಿ ನಮ್ಮ ಊರು ಕೇರಳಕ್ಕೆ ಹೋದದ್ದು ನೆನೆದು ಅವರು ಸಾಯುವ ತನಕ ನವೆಂಬರ್ ಒಂದಕ್ಕೆ ಊಟ ಮಾಡ್ತಿರ್ಲಿಲ್ಲ. ನಮ್ಮನೆಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಹೇಳುದು ದೇವರ ಹೆಸರು ಹೇಳಿದ ಹಾಗೆ. ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಕಾಸರಗೋಡಿನ ಆಫೀಸಿಗೆ ಹೋದ್ರೆ ಕನ್ನಡದವಳು ಅಂತ ಬದಿಗೆ ನಿಲ್ಲಿಸ್ತಾರೆ. ಇಲ್ಲಿ ಮಂಗಳೂರಿಗೆ ಬಂದ್ರೆ ನೀನು ‘ನಿಮ್ಮ ಕೇರಳದವರು’ ಅಂತಿ. ಅದೂ ನವೆಂಬರ್ ಒಂದಕ್ಕೆ.”

ಐಸ್‌ಕ್ರೀಮ್ ಕರಗುತ್ತಿತ್ತು. ನಾನು ತಪ್ಪಾಯಿತು ಅಂದೆ. ಆ ಒಂದು ಶಬ್ದಕ್ಕೆ ಅಷ್ಟು ಭಾರ ಇರುತ್ತದೆ ಎಂದು ಅಂದು ಗೊತ್ತಾಯಿತು. ಹಲ್ಲುಜ್ಜುತ್ತಾ ಬರೆದ ಒಂದು ಸಾಲು ಮೂರು ತಲೆಮಾರಿನ ಮನೆಯೊಂದರ ಗಾಯಕ್ಕೆ ಹೋಗಿ ತಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು: “ನಂಗೆ ಆ ಬ್ಯಾಂಡ್ ಯಾಕೆ ಇಷ್ಟ ಅಂತ ನೀನು ಯಾವತ್ತೂ ಕೇಳ್ಲಿಲ್ಲ. ಬರೀ ಗಲಾಟೆ ಅಂದಿ. ಅಮ್ಮನ ಹತ್ತಿರ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಆಫೀಸಿನಲ್ಲಿ ಇಂಗ್ಲಿಷ್. ಯಾವುದರಲ್ಲೂ ಪೂರ್ತಿ ಇಲ್ಲ, ಯಾವುದನ್ನೂ ಬಿಡ್ಲಿಕ್ಕೂ ಆಗುದಿಲ್ಲ. ಆ ಹಾಡಿನಲ್ಲಿ ಆಲಾಪನೆಯೂ ಗಿಟಾರೂ ಒಂದರ ಮೇಲೊಂದು ಬೀಳ್ತವೆ ಅಲ್ವಾ, ಯಾರೂ ಯಾರಿಗೂ ಜಾಗ ಬಿಟ್ಟು ಕೊಡುದಿಲ್ಲ, ಆದ್ರೂ ಹಾಡು ಮುರಿದು ಬೀಳುದಿಲ್ಲ. ಅದನ್ನು ಕೇಳುವಾಗ, ಹಾಂ, ಹೀಗೂ ಇರ್ಬಹುದು ಅನಿಸ್ತದೆ.”

ನಾನು ಏನೂ ಹೇಳಲಿಲ್ಲ. ಅವಳ ಗ್ಲಾಸಿನ ತಳದಲ್ಲಿ ಮೂರು ಬಣ್ಣ ಸೇರಿ ಯಾವ ಬಣ್ಣವೂ ಅಲ್ಲದ ಒಂದು ಬಣ್ಣವಾಗಿತ್ತು. ಅವಳು ಅದನ್ನು ಕೊನೆಯ ಹನಿ ತನಕ ಕುಡಿದಳು.

ಹಾಡಿನ ವ್ಯಾಜ್ಯ ಅದರ ಪಾಡಿಗೆ ನಡೆಯಿತು. ಕೆಲವೇ ದಿನಗಳಲ್ಲಿ ಹಳೆಯ ಧಾಟಿ ಸಿನಿಮಾಕ್ಕೆ ಮರಳಿತು, ನ್ಯಾಯಾಲಯದ ಓಡಾಟ ಮರುವರ್ಷಕ್ಕೂ ಮುಂದುವರಿಯಿತು. ನಾವಿಬ್ಬರು ಅದರ ಬಗ್ಗೆ ಈಗಲೂ ಒಂದೇ ಅಭಿಪ್ರಾಯಕ್ಕೆ ಬಂದಿಲ್ಲ. ಅವಳಿಗೆ ಬ್ಯಾಂಡಿನವರ ನೋವು ನಿಜ ಅನಿಸುತ್ತದೆ. ನನಗೆ ‘ವರಾಹ ರೂಪಂ’ ಕೇಳಿದಾಗ ಮೈಯಲ್ಲಿ ಏಳುವ ಮುಳ್ಳೂ ನಿಜ. ಎರಡೂ ಒಟ್ಟಿಗೆ ನಿಜ ಆಗಿರಬಹುದು ಎಂದು ಒಪ್ಪಿಕೊಂಡಿದ್ದೇವೆ.

ಮರುವರ್ಷ ಫೆಬ್ರವರಿಯಲ್ಲಿ ನಮ್ಮ ಊರಿನ ನೇಮಕ್ಕೆ ಅವಳನ್ನು ಕರೆದುಕೊಂಡು ಹೋದೆ. ನಡುರಾತ್ರಿ, ಗದ್ದೆಯಲ್ಲಿ ಚಳಿ, ಪಂಜಿನ ಹೊಗೆ. ತೆಂಬರೆಯ ಸದ್ದಿನೊಟ್ಟಿಗೆ ಪಾಡ್ದನ ಮುಗಿದು, ಗಗ್ಗರ ಕಟ್ಟಿದ ಮೇಲೆ ಮಾವನ ಸ್ಯಾಕ್ಸೋಫೋನ್ ಎದ್ದಿತು. ಡೋಲಿನ ಪೆಟ್ಟು ಎದೆಗೇ ಬಿತ್ತು. ಸೆರಗು ಹೊದ್ದ ಅಜ್ಜಿಯರು ಕೈ ಮುಗಿದು ನಿಂತಿದ್ದರು. ಬೆಲ್ಜಿಯಂನ ವಾದ್ಯ ಎಂದು ಯಾರ ಮುಖದಲ್ಲೂ ಬರೆದಿರಲಿಲ್ಲ. ಕುಂಬಳೆ ನನ್ನ ಕೈ ಹಿಡಿದು ಕಿವಿಯಲ್ಲಿ, “ಇದಕ್ಕಿಂತ ದೊಡ್ಡ ಫ್ಯೂಷನ್ ಬ್ಯಾಂಡ್ ಬೇಕಾ?” ಅಂದಳು.

ಬೆಳಗಿನ ಜಾವ ಮಾವ ವಾದ್ಯ ಒರೆಸಿ ಪೆಟ್ಟಿಗೆಯಲ್ಲಿಡುವಾಗ ಅವಳು ಹತ್ತಿರ ಹೋಗಿ, “ಮಾವ, ಇದನ್ನು ಸಂಪ್ರದಾಯ ಅಂತ ಹೇಳ್ಬೇಕಾ, ಪ್ರಯೋಗ ಅಂತ ಹೇಳ್ಬೇಕಾ?” ಅಂತ ಕೇಳಿದಳು.

ಮಾವ ನಿದ್ದೆಗಣ್ಣಿನಲ್ಲಿ ನಕ್ಕರು. “ನಮ್ಮ ಅಜ್ಜನಿಗೆ ಪ್ರಯೋಗ, ನಿನಗೆ ಸಂಪ್ರದಾಯ. ನನಗೆ ಹೊಟ್ಟೆಪಾಡು. ಬಾ, ಮೊದಲು ಚಾ ಕುಡಿ.”

ವಾಪಸು ಬರುವಾಗ ಕಾರಿನಲ್ಲಿ ಹಾಡು ಹಾಕುವ ಸರದಿ ಅವಳದ್ದು. ‘ಫಿಶ್ ರಾಕ್’ ಹಾಕಿದಳು, ಶಬ್ದ ಪೂರ್ತಿ ಏರಿಸಿ. ನನಗೆ ಈಗಲೂ ಅದು ಗಲಾಟೆಯೇ. ಆದರೆ ಫರಂಗಿಪೇಟೆ ದಾಟುವಷ್ಟರಲ್ಲಿ ಇಬ್ಬರಿಗೂ ಬಂಗುಡೆ ಪುಳಿಮುಂಚಿ ತಿನ್ನಬೇಕು ಅನಿಸಲು ಶುರುವಾಗಿತ್ತು. ಬೆಳಗ್ಗೆ ಆರೂವರೆಗೆ ಅದು ಎಲ್ಲಿ ಸಿಗುತ್ತದೆ ಎಂಬ ಹೊಸ ವಾದದೊಂದಿಗೆ ನಾವು ಪಂಪ್‌ವೆಲ್ ತಲುಪಿದೆವು.